ಹಳ್ಳಿಯ ವಾಟ್ಸಾಪ್ ಗುಂಪಿನಲ್ಲಿ ರಾಜಕೀಯ ಚರ್ಚಿಸಿದರೆ ಜನ ಗ್ರಾಮಸಭೆಗೆ ಬರುತ್ತಾರೆಯೇ?

ಬರುತ್ತಾರೆಂದು ನಾನೂ ನಂಬಿದ್ದೆ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮೂರಿನ ಗುಂಪನ್ನು ಕಟ್ಟಿದವನು ನಾನೇ. 2019ರಲ್ಲಿ ಒಂದು ಗುಂಪಿಗೆ 256 ಜನರ ಮಿತಿಯಿತ್ತು, ನಮ್ಮದು ಹೆಚ್ಚುಕಡಿಮೆ ಭರ್ತಿಯಾಗಿತ್ತು. ಕೆರೆಯ ಹೂಳೆತ್ತುವ ಕೆಲಸವನ್ನು ಉದ್ಯೋಗ ಖಾತರಿಯ ಕ್ರಿಯಾ ಯೋಜನೆಗೆ ಸೇರಿಸುವಂತೆ ಗ್ರಾಮಸಭೆಯಲ್ಲಿ ಪಟ್ಟು ಹಿಡಿಯೋಣವೆಂದು ಬರೆದಾಗ ಒಪ್ಪಿಗೆಯ ಹೆಬ್ಬೆರಳೆತ್ತಿದ ಗುರುತುಗಳು ಸಾಲುಗಟ್ಟಿದವು. ಸಭೆಯ ದಿನ ಶಾಲೆಯ ಅಂಗಳದ ಜಮಖಾನದ ಮೇಲೆ ನಮ್ಮ ಪರವಾಗಿ ಕುಳಿತವರು ಒಂಬತ್ತು ಜನ. ಕೆರೆ ಆ ಪಟ್ಟಿಗೆ ಸೇರಲಿಲ್ಲ.

ತಪ್ಪಾದದ್ದು ಆ ದಿನವಲ್ಲ, ಏಪ್ರಿಲ್‌ನಲ್ಲಿ. ಲೋಕಸಭಾ ಚುನಾವಣೆಗೆ ಕೋಲಾರದಲ್ಲಿ 18ರಂದು ಮತದಾನವಿತ್ತು. ಅದಕ್ಕೆ ಮುಂಚಿನ ವಾರಗಳಲ್ಲಿ ನಾನು ಅದೇ ಗುಂಪಿನಲ್ಲಿ ಒಂದು ಪಕ್ಷದ ಪರ ಹಗಲಿರುಳು ವಾದಿಸಿದ್ದೆ. ಒಂದು ರಾತ್ರಿ ಕೆರೆಯ ನೀರು ಹಂಚುವ ನೀರುಗಂಟಿ ಮನೆತನದ ಹಿರಿಯರೊಬ್ಬರು ಬೇರೆ ಅಭಿಪ್ರಾಯ ಹೇಳಿದಾಗ, 'ನಿಮಗೆ ಇದೆಲ್ಲ ಅರ್ಥವಾಗುವುದಿಲ್ಲ, ಸುಮ್ಮನಿರಿ' ಎಂದು ಎಲ್ಲರೆದುರು ಬರೆದೆ. ಅವರು ಮರುಮಾತಾಡಲಿಲ್ಲ, ಗುಂಪನ್ನು ಬಿಡಲೂ ಇಲ್ಲ, ಹಾಗಾಗಿ ವಿಷಯ ಮುಗಿಯಿತೆಂದುಕೊಂಡೆ. ಆದರೆ ಆ ಕೆರೆಯ ತೂಬು, ಕಾಲುವೆ, ಒತ್ತುವರಿಯ ಗಡಿ ಎಲ್ಲವೂ ಗೊತ್ತಿದ್ದದ್ದು ಅವರೊಬ್ಬರಿಗೇ. ಕೆರೆಯ ಮಾತು ಬಂದರೆ ಅದರ ನೀರು ಹರಿಯುವ ಅಚ್ಚುಕಟ್ಟಿನ ರೈತರು ನೋಡುತ್ತಿದ್ದದ್ದು ಅವರ ಮುಖವನ್ನೇ. ಕೆರೆ ಯಾವ ಪಕ್ಷದ್ದೂ ಆಗಿರಲಿಲ್ಲ. ಕರೆದವನು ನಾನಾದ್ದರಿಂದ ಅದು ನನ್ನ ಪಕ್ಷದ ಕೆಲಸವಾಗಿ ಅವರಿಗೆಲ್ಲ ಕಂಡಿತು.

ಕಾನೂನಿನಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದಕ್ಕೂ ಮೊದಲು ಬೇಡಿಕೆಗಳು ವಾರ್ಡ್ ಸಭೆಯಲ್ಲಿ ಪಟ್ಟಿಯಾಗಬೇಕು. ಮುಂದಿನ ಸುತ್ತಿನ ವಾರ್ಡ್ ಸಭೆಗೆ ಹತ್ತು ದಿನ ಮುಂಚೆ, ಬೆಳಗ್ಗೆ ಆರಕ್ಕೆ ಹಾಲಿನ ಡೇರಿಯ ಸಾಲಿನಲ್ಲಿ ಕ್ಯಾನು ಹಿಡಿದು ಆ ಹಿರಿಯರ ಹಿಂದೆ ನಿಂತು ಕ್ಷಮೆ ಕೇಳಿದೆ. ಹಾಲು ಅಳೆಸಿ, ಚೀಟಿ ಜೇಬಿಗಿಟ್ಟುಕೊಂಡು, 'ಬಾ, ಕಟ್ಟೆ ಮೇಲೆ ಹೋಗೋಣ' ಎಂದಷ್ಟೇ ಹೇಳಿದರು. ತೂಬಿನ ಕಲ್ಲು ಎಷ್ಟು ಹೂತಿದೆಯೆಂದು ಕೋಲಿನಿಂದ ಅಳೆದು ತೋರಿಸಿದರು. ವಾರ್ಡ್ ಸಭೆಯಲ್ಲಿ ಆ ಅಳತೆಯನ್ನು ಹೇಳಿದವರು ಅವರೇ, ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಕೆರೆ ಪಟ್ಟಿಗೆ ಸೇರಿತು.

ಆದ್ದರಿಂದ ಚರ್ಚೆ ಹೆಚ್ಚಿದರೆ ಭಾಗವಹಿಸುವಿಕೆ ಹೆಚ್ಚುತ್ತದೆ ಎಂಬ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಪಕ್ಷದ ಬಿಸಿ ಜನರನ್ನು ಮತಗಟ್ಟೆಯವರೆಗೆ ತರಬಹುದು. ಗ್ರಾಮಸಭೆಗೆ ಅವರು ಬರುವುದು, ನಂಬಿದವರೊಬ್ಬರು ಮನೆ ಬಾಗಿಲಿಗೆ ಬಂದು ಕರೆದಾಗ. ಗುಂಪಿನಲ್ಲಿ ಸಭೆಯ ದಿನ, ಹೊತ್ತು, ಜಾಗವನ್ನಷ್ಟೇ ಹಾಕಿ, ಪಕ್ಷದ ವಾದವನ್ನು ಮುಖ ನೋಡಿ ಮಾತಾಡುವ ಅರಳಿಕಟ್ಟೆಗೆ ಬಿಡಿ. ಆ ಗುಂಪಿನಲ್ಲಿ ನಿಮ್ಮ ಮಾತಿನಿಂದ ನೊಂದು ಸುಮ್ಮನಾದವರಿದ್ದರೆ, ನೋಟಿಸ್ ಹಾಕುವ ಮೊದಲು ಅವರ ಮನೆಗೆ ಹೋಗಿ ಬನ್ನಿ.