ಡ್ರಮ್ ಸ್ಯಾಂಡರ್: ಹೊಸ ಬೆಲ್ಟೂ ಜಾರುತ್ತಿದ್ದರೆ

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ನಮ್ಮದು ಸಣ್ಣ ಫರ್ನಿಚರ್ ವರ್ಕ್‌ಶಾಪ್. ಡ್ರಮ್ಮಿಗೆ ಸುತ್ತಿದ ಸ್ಯಾಂಡ್ ಪೇಪರಿನಿಂದ ಮರ ನಯ ಮಾಡುವ ಡ್ರಮ್ ಸ್ಯಾಂಡರ್‌ಗೆ ತೇಗದ ಹಲಗೆ ಕೊಟ್ಟರೆ ಮೋಟಾರು ಸರಿಯಾಗಿಯೇ ತಿರುಗುತ್ತದೆ, ಡ್ರಮ್ ಮಾತ್ರ ನಿಧಾನವಾಗುತ್ತದೆ. ಕಿರ್ರೆನ್ನುವ ಸದ್ದು, ರಬ್ಬರು ಸುಟ್ಟ ವಾಸನೆ. ಹೊಸ ಎ-ಸೆಕ್ಷನ್ (ಎ ಅಳತೆಯ) ವಿ-ಬೆಲ್ಟ್ ಹಾಕಿ ಬಿಗಿ ಮಾಡಿದರೂ ಕೆಲವೇ ದಿನಗಳಲ್ಲಿ ಮತ್ತೆ ಅದೇ ಪಾಡು. ಎಷ್ಟು ಬಿಗಿ ಇರಬೇಕು?

ಉತ್ತರ: ಮೋಟಾರಿನ ವೇಗ ಇಳಿಯದೆ ಡ್ರಮ್ ಮಾತ್ರ ಸೋಲುತ್ತಿದ್ದರೆ ಬೆಲ್ಟ್ ಜಾರುತ್ತಿದೆ. (ಮೋಟಾರೂ ಮುಕ್ಕಿರಿಯುತ್ತಿದ್ದರೆ ಲೋಡ್, ವೋಲ್ಟೇಜ್ ಅಥವಾ ಕೆಪಾಸಿಟರ್ ನೋಡಬೇಕು.) ಆದರೆ ಹೊಸ ಬೆಲ್ಟೂ ಇಷ್ಟು ಬೇಗ ಜಾರಿತೆಂದರೆ ದಯವಿಟ್ಟು ಇನ್ನಷ್ಟು ಬಿಗಿ ಮಾಡಬೇಡಿ, ಮೊದಲು ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ) ನೋಡಿ. ಅತಿ ಬಿಗಿಯಾದ ಬೆಲ್ಟ್ ಡ್ರಮ್ಮಿನ ಮತ್ತು ಮೋಟಾರಿನ ಬೇರಿಂಗುಗಳನ್ನು ತಿಂದುಹಾಕುತ್ತದೆ.

ವಿ-ಬೆಲ್ಟ್ ಹಿಡಿತ ಸಾಧಿಸುವುದು ತನ್ನ ಎರಡು ಪಕ್ಕಗಳಿಂದ. ಅದರ ತಳ ಪುಲ್ಲಿಯ ಸುತ್ತಲಿನ ಕಚ್ಚಿನ, ಅಂದರೆ ಗ್ರೂವ್‌ನ ತಳಕ್ಕೆ ತಾಗಲೇಬಾರದು. ಗ್ರೂವ್ ಸವೆದಾಗ ಬೆಲ್ಟ್ ಒಳಗೆ ಕುಸಿದು ತಳದ ಮೇಲೆ ಕೂರುತ್ತದೆ, ಪಕ್ಕದ ಹಿಡಿತ ಹೋಗುತ್ತದೆ. ಗ್ರೂವ್‌ನ ತಳ ಹೊಳೆಯುತ್ತಿದ್ದರೆ, ಅಥವಾ ಹೊಸ ಬೆಲ್ಟಿನ ಮೇಲ್ಭಾಗ ಪುಲ್ಲಿಯ ಅಂಚಿಗಿಂತ ಸಾಕಷ್ಟು ಕೆಳಗಿಳಿದಿದ್ದರೆ, ಪುಲ್ಲಿಯನ್ನೇ ಬದಲಿಸಿ. ಮರದ ನಯವಾದ ಹುಡಿ ಗ್ರೂವ್‌ನಲ್ಲಿ ಗಟ್ಟಿಯಾಗಿ ಕೂತರೂ ಬೆಲ್ಟ್ ಜಾರುತ್ತದೆ. ಮಳೆಗಾಲದಲ್ಲಿ ಮುಂಬಯಿ, ಗೋವಾ ಕಡೆ ತುಂಬ ದಿನ ನಿಂತ ಯಂತ್ರಗಳ ಪುಲ್ಲಿಗೆ ತುಕ್ಕು ಹಿಡಿದು, ಆ ಒರಟು ಮೈ ಬೆಲ್ಟಿನ ಪಕ್ಕಗಳನ್ನು ಕೆರೆದುಹಾಕುತ್ತದೆ. 220 ನಂಬರಿನ ಎಮರಿ ಪೇಪರಿನಿಂದ ಉಜ್ಜಿ ತೆಗೆಯಿರಿ.

ಬದಲಿಸುವಾಗ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಗಾರ್ಡ್ ಬಿಚ್ಚಿ, ಮೋಟಾರಿನ ಕಾಲುಗಳ ಜಾಗವನ್ನು ಮಾರ್ಕರಿನಿಂದ ಗುರುತಿಸಿ, ಬೋಲ್ಟುಗಳನ್ನು ಸಡಿಲ ಮಾತ್ರ ಮಾಡಿ. ಮೋಟಾರನ್ನು ಡ್ರಮ್ಮಿನ ಕಡೆಗೆ ಸರಿಸಿದರೆ ಬೆಲ್ಟ್ ಕೈಯಲ್ಲೇ ಬರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬೆಲ್ಟಿನ ಒಳಗಿನ ದಾರಗಳು ತುಂಡಾಗುತ್ತವೆ. ಹೊರಗೆ ಏನೂ ಕಾಣದು, ಬೆಲ್ಟ್ ಮಾತ್ರ ಬೇಗ ಹರಿಯುತ್ತದೆ. ಬೆಲ್ಟ್ ಇಲ್ಲದಿರುವಾಗಲೇ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಗರಗರ ಅಂದರೆ ಬೇರಿಂಗ್ ಹೋಗಿದೆ. ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಗ್ರಬ್ ಸ್ಕ್ರೂ ಬಿಗಿಯಿದೆಯೇ, ಅವೆರಡರ ನಡುವಿನ ಲೋಹದ ತುಂಡು (ಕೀ) ಸಡಿಲವೇ, ಅದನ್ನೂ ನೋಡಿಬಿಡಿ.

ಪುಣೆಯ ಬೋಹ್ರಿ ಆಳಿಯಲ್ಲೋ ಮುಂಬಯಿಯ ನಾಗದೇವಿ ಸ್ಟ್ರೀಟ್‌ನಲ್ಲೋ ಬೆಲ್ಟ್ ಕೇಳುವಾಗ ಹಳೆಯದರ ಮೇಲಿನ ನಂಬರ್ ತೋರಿಸಿ. ಎ-36 ಎಂದರೆ ಒಳ ಸುತ್ತಳತೆ 36 ಇಂಚು, ಮೇಲಿನ ಅಗಲ 13 ಮಿ.ಮೀ., ದಪ್ಪ 8 ಮಿ.ಮೀ. ಎಳೆದು ಸೋತ ಹಳೆಯ ಬೆಲ್ಟನ್ನು ಟೇಪಿನಿಂದ ಅಳೆದರೆ ಉದ್ದದ್ದು ಬಂದೀತು. ಎರಡು ಬೆಲ್ಟಿನ ಯಂತ್ರವಾದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಒಂದನ್ನೇ ಬದಲಿಸಿದರೆ ಹೊಸದರ ಮೇಲೆಯೇ ಎಲ್ಲ ಭಾರ ಬೀಳುತ್ತದೆ.

ಇನ್ನು ಪುಲ್ಲಿಗಳ ನೇರ. ಉದ್ದನೆಯ ಸ್ಟೀಲ್ ಸ್ಕೇಲನ್ನು ಎರಡೂ ಪುಲ್ಲಿಗಳ ಮುಖಕ್ಕೆ ಒತ್ತಿದಾಗ ಒಟ್ಟು ನಾಲ್ಕು ಕಡೆ ತಾಗಬೇಕು. ಅಂಚಿನ ದಪ್ಪ ಬೇರೆಬೇರೆಯಿದ್ದರೆ ಗ್ರೂವ್‌ನ ನಡುಭಾಗದ ಲೆಕ್ಕ ಹಿಡಿಯಿರಿ. ಬೆಲ್ಟಿನ ಒಂದೇ ಪಕ್ಕ ಸವೆಯುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ.

ಬಿಗಿಯ ಲೆಕ್ಕ ಹೀಗೆ: ಎರಡು ಪುಲ್ಲಿಗಳ ನಡುವಿನ ಬೆಲ್ಟಿನ ಪ್ರತಿ 100 ಮಿ.ಮೀ.ಗೆ ಸುಮಾರು 1.6 ಮಿ.ಮೀ. ಬಗ್ಗಬೇಕು. 300 ಮಿ.ಮೀ. ಇದ್ದರೆ ಮಧ್ಯದಲ್ಲಿ ಸುಮಾರು 5 ಮಿ.ಮೀ. ಅಷ್ಟು ಬಗ್ಗಿಸಲು ಎ-ಸೆಕ್ಷನ್ ಬೆಲ್ಟಿಗೆ ಒಂದು, ಒಂದೂವರೆ ಕಿಲೋ ಒತ್ತಡ ಸಾಕು. ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಬಹುದು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಬಿಗಿಯುವಾಗಲೇ ಮೋಟಾರು ವಾಲುವುದುಂಟು, ಹಾಗಾಗಿ ಸ್ಕೇಲನ್ನು ಮತ್ತೊಮ್ಮೆ ಇಡಿ. ಕೆಲವು ಯಂತ್ರಗಳಲ್ಲಿ ಮೋಟಾರು ಕೀಲಿನ ಪ್ಲೇಟಿನ ಮೇಲೆ ತೂಗುತ್ತಿರುತ್ತದೆ. ಅಲ್ಲಿ ಅದರ ಭಾರವೇ ಬಿಗಿ ಕೊಡುತ್ತದೆ, ಎಳೆದು ಕಟ್ಟಬಾರದು.

ಗಾರ್ಡ್ ಹಾಕಿ, ಹಲಗೆಯಿಲ್ಲದೆ ಕಾಲು ಗಂಟೆ ಓಡಿಸಿ, ಪ್ಲಗ್ ತೆಗೆದು ಮತ್ತೆ ಅಳೆಯಿರಿ. ಒಂದು ದಿನದ ಕೆಲಸವಾದ ಮೇಲೆ ಇನ್ನೊಮ್ಮೆ. ಹೊಸ ಬೆಲ್ಟ್ ಗ್ರೂವ್‌ನಲ್ಲಿ ಕೂರುತ್ತ ಕೊಂಚ ಸಡಿಲವಾಗುವುದು ಸಹಜ. ನಿಮ್ಮಲ್ಲಿ ತಪ್ಪಿಹೋಗಿರುವುದು ಈ ಎರಡನೇ ಬಿಗಿಯೂ ಇರಬಹುದು. ಬೆಲ್ಟ್ ಡ್ರೆಸ್ಸಿಂಗ್ ಸ್ಪ್ರೇ ಬೇಡ, ಅದರ ಅಂಟಿಗೆ ಹುಡಿ ಇನ್ನಷ್ಟು ಮೆತ್ತಿಕೊಳ್ಳುತ್ತದೆ.

ಇಷ್ಟಾದ ಮೇಲೂ ಜಾರಿದರೆ ನೀವು ಕೊಡುತ್ತಿರುವ ಕಟ್ (ಒಂದು ಸಲಕ್ಕೆ ಉಜ್ಜಿ ತೆಗೆಯುವ ಆಳ) ಹೆಚ್ಚಾಯಿತು. 80 ನಂಬರಿನ ಪೇಪರಿಗೆ ಒಂದು ಸಲಕ್ಕೆ 0.4 ಮಿ.ಮೀ. ದಾಟಬೇಡಿ. ತೇಗದ ಎಣ್ಣೆಯಂಶದಿಂದ ಪೇಪರ್ ಮೆತ್ತಿಕೊಂಡಿದ್ದರೆ ಅಷ್ಟೂ ಭಾರವಾದೀತು, ಮೊದಲು ರಬ್ಬರ್ ಕ್ಲೀನಿಂಗ್ ಸ್ಟಿಕ್ ಹಿಡಿದು ಪೇಪರಿಗೆ ಮೆತ್ತಿದ ಹುಡಿ ಬಿಡಿಸಿಕೊಳ್ಳಿ.