ನಕಲು ಮಷೀನುಗಳಿಗೆಲ್ಲ ಒಂದೇ ಐಪಿ

ಪ್ರಶ್ನೆ: ಉಬುಂಟು ಸರ್ವರಿನ ವರ್ಚುವಲ್ ಮಷೀನನ್ನು ನಕಲು ಮಾಡಿ ಮೂರು ಮಾಡಿಕೊಂಡೆ. ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಬೇರೆ ಬೇರೆ ಇದ್ದರೂ ಮೂರಕ್ಕೂ ಒಂದೇ ಐಪಿ (ನೆಟ್‌ವರ್ಕಿನಲ್ಲಿನ ವಿಳಾಸ) ಬರುತ್ತಿದೆ. ಏಕೆ?

ಉತ್ತರ: ಇಟಿಸಿ ಡೈರೆಕ್ಟರಿಯ ‘ಮೆಷೀನ್-ಐಡಿ’ ಫೈಲಿನಲ್ಲಿ 32 ಅಕ್ಷರಗಳ ಗುರುತು ಇರುತ್ತದೆ, ನಕಲಿನ ಜೊತೆ ಅದೂ ನಕಲಾಗಿದೆ. ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ, ಐಪಿ ಹಂಚುವ ಡಿಎಚ್‌ಸಿಪಿಗೆ ಹೇಳುವ ಗುರುತು ಹುಟ್ಟುವುದು ಇದರಿಂದಲೇ, ಮ್ಯಾಕ್‌ನಿಂದಲ್ಲ.

ಪ್ರತಿ ನಕಲಿನಲ್ಲೂ ಸುಡೋ (ನಿರ್ವಾಹಕರ ಅಧಿಕಾರ ಕೊಡುವ ಆದೇಶ) ಹಾಕಿ, ‘ಟ್ರಂಕೇಟ್’ ಆದೇಶಕ್ಕೆ ಗಾತ್ರ 0 ಕೊಟ್ಟು ಆ ಫೈಲನ್ನು ಬರಿದು ಮಾಡಿ. ಅಳಿಸಬೇಡಿ, ಖಾಲಿ ಫೈಲ್ ಅಲ್ಲೇ ಇರಲಿ. ಆಮೇಲೆ ಸುಡೋ ಹಾಕಿಯೇ ‘ಸಿಸ್ಟಮ್‌ಡಿ-ಮೆಷೀನ್-ಐಡಿ-ಸೆಟಪ್’ ಓಡಿಸಿ, ರೀಬೂಟ್ ಮಾಡಿ. ಬರಿದು ಮಾಡದೆ ಓಡಿಸಿದರೆ ಅದು ಏನೂ ಮಾಡದು!

ಹಳೆಯ ಗುರುತೇ ಮರಳಿತೇ? ವಾರ್ ಡೈರೆಕ್ಟರಿಯ ಒಳಗಿನ ಲಿಬ್, ಅದರೊಳಗಿನ ಡಿಬಸ್‌ನಲ್ಲಿರುವ ಅದೇ ಹೆಸರಿನ ಫೈಲ್ ನೋಡಿ. ಸಿಮ್‌ಲಿಂಕ್ (ಬೇರೆ ಫೈಲಿನತ್ತ ಬೆರಳು ತೋರುವ ಕೊಂಡಿ) ಆಗಿರದೆ ನಿಜವಾದ ಫೈಲಾಗಿದ್ದರೆ ಸೆಟಪ್ ಅಲ್ಲಿಂದಲೇ ನಕಲು ಹೊಡೆಯುತ್ತದೆ. ಮೊದಲು ಅದನ್ನು ತೆಗೆದು, ಮೇಲಿನ ಹಂತಗಳನ್ನು ಮತ್ತೆ ಮಾಡಿ. ಹಳೆಯ ಜರ್ನಲ್ ಲಾಗುಗಳು (ಸಿಸ್ಟಮ್‌ಡಿ ಬರೆದಿಡುವ ದಾಖಲೆಗಳು) ಹಳೆಯ ಗುರುತಿನ ಫೋಲ್ಡರಿನಲ್ಲೇ ಉಳಿದಿರುತ್ತವೆ.