ವಿಮಾನದಲ್ಲಿ ಯಾವ ಸೀಟು ಹೆಚ್ಚು ಆರಾಮ?

ನಮ್ಮಲ್ಲಿ ಹೆಚ್ಚಾಗಿ ಸಿಗುವ ಏರ್‌ಬಸ್ ಎ320 ವಿಮಾನವನ್ನೇ ತಗೊಳ್ಳಿ. ಓಡಾಡುವ ದಾರಿಯ ಎರಡೂ ಕಡೆ ಮೂರು ಮೂರು ಸೀಟು. ಕುಲುಕಾಟಕ್ಕೆ ಭಯವಾಗುತ್ತದೆಯೇ? ಹಾಗಾದರೆ ರೆಕ್ಕೆಯ ಹತ್ತಿರ ಕೂತುಕೊಳ್ಳಿ. ವಿಮಾನದ ತೂಕದ ನಡುಬಿಂದು ಅಲ್ಲೇ ಇರುವುದರಿಂದ ಅಲುಗಾಟ ಕಡಿಮೆ, ಬಾಲದ ಕಡೆ ಜಾಸ್ತಿ. ಕಾಲು ಚಾಚಬೇಕಾದರೆ ತುರ್ತು ಬಾಗಿಲಿನ ಸಾಲು ಕೇಳಿ. ಮಕ್ಕಳನ್ನು, ಗರ್ಭಿಣಿಯರನ್ನು ಅಲ್ಲಿ ಕೂರಿಸುವುದಿಲ್ಲ, ನೆನಪಿರಲಿ. ಅಂಥ ಸಾಲು ಎರಡಿದ್ದರೆ ಹಿಂದಿನದೇ ಒಳ್ಳೆಯದು. ಮುಂದಿನದರ ಬೆನ್ನು ಸಾಮಾನ್ಯವಾಗಿ ಹಿಂದಕ್ಕೆ ಬಾಗುವುದಿಲ್ಲ. ಕೊನೆಯ ಸಾಲು ಮಾತ್ರ ಬೇಡವೇ ಬೇಡ. ಪಕ್ಕದಲ್ಲೇ ಶೌಚಾಲಯದ ಕ್ಯೂ, ಇಳಿಯುವಾಗಲೂ ಕಾಯಬೇಕು. ನಿದ್ದೆ ಮಾಡುವವರಿಗೆ ಕಿಟಕಿ ಸರಿ, ತಲೆ ಒರಗಿಸಬಹುದು. ಮಂಡಿನೋವಿರುವ ಅಪ್ಪ ಅಮ್ಮನಿಗಾದರೆ ದಾರಿ ಪಕ್ಕದ ಸೀಟೇ ಇರಲಿ. ಅದಕ್ಕೆ ಸ್ವಲ್ಪ ಹಣ ಜಾಸ್ತಿ ಕೊಟ್ಟರೂ ಪರವಾಗಿಲ್ಲ ಅನ್ನುತ್ತೇನೆ.